ಸುಮ್ಮನೆ ತಲೆ ಕೊಟ್ಟವರು

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ವಾಚು, ಬೆಲ್ಟು, ಜೇಬಿನ ಚಿಲ್ಲರೆ, ಕೊನೆಗೆ ಸೊಂಟದ ಬೆಳ್ಳಿ ಉಡುದಾರವನ್ನೂ ಬಿಚ್ಚಿ ಪ್ಲಾಸ್ಟಿಕ್ ಟ್ರೇಗೆ ಹಾಕಿ, ಎಂ.ಆರ್.ಐ. ಯಂತ್ರದೊಳಗೆ ಮಲಗಿದೆ. ನನಗೆ ಯಾವ ಕಾಯಿಲೆಯೂ ಇಲ್ಲ. ಅದೇ ನನ್ನ ಅರ್ಹತೆ! ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಮುಪ್ಪಿನ ಮರೆವಿನ ಬಗ್ಗೆ ಅಧ್ಯಯನ ನಡೆಯುತ್ತಿದೆ. ವಯಸ್ಸಾದವರ ಮೆದುಳಿನ ಜೊತೆ ಹೋಲಿಸಿ ನೋಡಲು ನನ್ನಂಥ ಕಿರಿಯರ ಮೆದುಳೂ ಬೇಕಂತೆ. ಗೆಳೆಯನೊಬ್ಬ ಹೇಳಿದ, ನಾನು ಹೂಂ ಅಂದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಇಲ್ಲದ ಕಾಯ್ಲೆ ಹುಡುಕಿಸ್ಕೊಳ್ಳೋಕೆ ಯಾಕೋ ಹೋಗ್ತೀಯಾ?" ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಲ್ಲಿ ಸಹಿ ಹಾಕಿಸಿಕೊಂಡ ಫಾರಂನಲ್ಲೇ ಬರೆದಿತ್ತು, ಈ ಅಧ್ಯಯನದಿಂದ ನಿಮಗೆ ನೇರವಾದ ಯಾವ ಲಾಭವೂ ಇಲ್ಲ ಅಂತ. ಇಷ್ಟು ಪ್ರಾಮಾಣಿಕವಾದ ಫಾರಂ ನಾನು ಬ್ಯಾಂಕಿನಲ್ಲೂ ನೋಡಿಲ್ಲ, ಆಫೀಸಿನಲ್ಲೂ ನೋಡಿಲ್ಲ :-)

ಒಳಗೆ ಮುಕ್ಕಾಲು ಗಂಟೆ. ಮೊದಲು ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದು, ಆಮೇಲೆ ಊರಿನ ಹಿಟ್ಟಿನ ಗಿರಣಿಯ ಸದ್ದು. ತಲೆ ಅಲ್ಲಾಡಿಸುವ ಹಾಗಿಲ್ಲ. ಮೂಗು ತುರಿಸಿದರೂ ಸುಮ್ಮನಿರಬೇಕು. ಸುಮ್ಮನಿದ್ದಾಗ ತಲೆಗೆ ಬಂದದ್ದು ಎರಡು ವಿಷಯ. ಒಂದು, ನಮ್ಮಜ್ಜಿ. ಇನ್ನೊಂದು, ನನಗಿಂತ ಮೊದಲು ಹೀಗೆ ತಮಗೇನೂ ಲಾಭವಿಲ್ಲದೆ ಈ ಕಾಯಿಲೆಗಾಗಿ ತಲೆ ಕೊಟ್ಟವರು ಯಾರ್ಯಾರು?

ಅಜ್ಜಿಯ ಕಥೆ ಚಿಕ್ಕದು. ನಮ್ಮೂರು ತಿಪಟೂರು ಕಡೆ. ಅಟ್ಟದ ಮೇಲೆ ಎಷ್ಟು ಕೊಬ್ಬರಿ ಇದೆ ಅಂತ ಓದುಬರಹ ಬಾರದ ಅಜ್ಜಿ ಬಾಯಲ್ಲೇ ಲೆಕ್ಕ ಇಡುತ್ತಿದ್ದಳು. ಒಂದು ವರ್ಷ ಲೆಕ್ಕ ತಪ್ಪಿತು. ಮರುವರ್ಷ ಒಲೆ ಆರಿಸುವುದು ಮರೆಯಿತು. ಕೊನೆಗೆ ಅಪ್ಪನನ್ನೇ "ನೀನು ಯಾರ ಮಗ ಕಣಪ್ಪಾ?" ಅಂತ ಕೇಳಿದಳು. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, 'ವಯಸ್ಸಾಯ್ತಲ್ಲ, ಅರಳು ಮರಳು'. ಅದಕ್ಕೆ ಆಲ್ಝೈಮರ್ ಅನ್ನುವ ಹೆಸರಿರಬಹುದು ಅಂತ ನಮಗೆ ಗೊತ್ತಾಗಿದ್ದು ಅಜ್ಜಿ ಹೋದ ಮೇಲೆ.

*

ಈ ಕಾಯಿಲೆಯ ಚರಿತ್ರೆ ಶುರುವಾಗುವುದೇ ತಲೆ ಕೊಟ್ಟ ಒಬ್ಬಳಿಂದ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸು ಸೇರಿದಳು. ಅಲ್ಲಿನ ವೈದ್ಯ ಅಲೋಯಿಸ್ ಆಲ್ಝೈಮರ್ ಅವಳ ಎದುರು ಕೂತು ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದಿಟ್ಟ. ಗಂಡನ ಹೆಸರೇನು ಅಂದರೆ ತನ್ನದೇ ಹೆಸರು ಹೇಳಿದಳು. ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಅಂದರೆ ಪಾಲಕ್ ಅಂದಳು. 1906ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಅಷ್ಟು ಹೊತ್ತಿಗೆ ಆಲ್ಝೈಮರ್ ಮ್ಯೂನಿಕ್‌ನಲ್ಲಿದ್ದ. ಮೆದುಳನ್ನು ಅಲ್ಲಿಗೆ ತರಿಸಿಕೊಂಡು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದ. ಜೀವಕೋಶಗಳ ಹೊರಗೆ ಕಲೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್ ಊರಿನ ಸಭೆಯಲ್ಲಿ ಇದನ್ನು ವಿವರಿಸಿದ. 1910ರಲ್ಲಿ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್ಝೈಮರನ ಹೆಸರಿಟ್ಟ.

ಅವಳ ಕಡತ ಎಲ್ಲೋ ಸೇರಿಹೋಗಿತ್ತು. ಅದು ಮತ್ತೆ ಸಿಕ್ಕಿದ್ದು 1995ರಲ್ಲಿ, ಫ್ರಾಂಕ್‌ಫರ್ಟಿನಲ್ಲೇ. ವೈದ್ಯನ ಹೆಸರು ಕಾಯಿಲೆಗೆ ಸೇರಿತು, ರೋಗಿಯ ಹೆಸರು ಸುಮಾರು ತೊಂಬತ್ತು ವರ್ಷ ಕಡತದೊಳಗೆ ಉಳಿಯಿತು.

ಆಲ್ಝೈಮರ್ ಕಂಡ ಕಲೆಗಳನ್ನು ಬದುಕಿರುವ ಮನುಷ್ಯನಲ್ಲಿ ನೋಡುವುದು ಹೇಗೆ? ಮುಂದಿನ ನೂರು ವರ್ಷದ ಪ್ರಶ್ನೆ ಇದು. ತಲೆಬುರುಡೆ ತೆಗೆದು ನೋಡುವ ಹಾಗಿಲ್ಲ. ಎಕ್ಸ್-ರೇಯಲ್ಲಿ ಮೂಳೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. 1919ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಒಂದು ಉಪಾಯ ಮಾಡಿದ. ಬೆನ್ನಿಗೆ ಸೂಜಿ ಚುಚ್ಚಿ ಮೆದುಳಿನ ಸುತ್ತ ಇರುವ ದ್ರವವನ್ನು ಸ್ವಲ್ಪ ಹೊರತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವುದು. ಮೆದುಳು ಸೊರಗಿದ್ದರೆ ಗಾಳಿಯ ನೆರಳು ದೊಡ್ಡದಾಗಿ ಕಾಣುತ್ತಿತ್ತು. ಆದರೆ ಮಾಡಿಸಿಕೊಂಡವರಿಗೆ ದಿನಗಟ್ಟಲೆ ತಲೆಸಿಡಿತ, ವಾಂತಿ. ಇಂಥದ್ದಕ್ಕೆ ಚೆನ್ನಾಗಿರುವವನು ತಾನಾಗಿ ಬಂದು ತಲೆ ಕೊಡುತ್ತಾನೆಯೇ? 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಕಟ್ಟಿದ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯನ್ನು ಮಲಗಿಸುವವರೆಗೂ ಆ ಗಾಳಿಯ ಕಾಟ ಪೂರ್ತಿ ತಪ್ಪಲಿಲ್ಲ. (ಎಂಜಿನಿಯರ್ ಅಂದ ಕೂಡಲೇ ನನಗೊಂದು ಹೆಮ್ಮೆ, ಇರಲಿ ಬಿಡಿ. ಅದಕ್ಕೂ ಮೊದಲು ಅವನು ಕಟುಕರಿಂದ ತಂದ ದನದ ಮೆದುಳಿನ ಚಿತ್ರ ತೆಗೆದು ಪರೀಕ್ಷೆ ಮಾಡಿದ್ದ.)

*

ನೋವಿಲ್ಲದ ಯಂತ್ರ ಬಂದ ಮೇಲೆ ಸ್ವಯಂಸೇವಕರ ಚರಿತ್ರೆ ಶುರು.

1976ರ ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇಬ್ಬರು ಆರೋಗ್ಯವಂತರು ಒಂದು ವಿಚಿತ್ರ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚಿಸಿಕೊಂಡರು. ಅದು ಗ್ಲೂಕೋಸಿನ ಹಾಗೇ ಇರುವ, ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಪದಾರ್ಥ, ಎಫ್.ಡಿ.ಜಿ. ತಯಾರಾದದ್ದು ನ್ಯೂಯಾರ್ಕ್ ಕಡೆಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ಅದರ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಹಾಗಾಗಿ ವಿಮಾನದಲ್ಲಿ ಓಡೋಡಿ ತರಿಸಿದರು. ಮೆದುಳಿನ ಜೀವಕೋಶ ಇದನ್ನು ಸಕ್ಕರೆ ಅಂತಲೇ ನಂಬಿ ಒಳಗೆ ಎಳೆದುಕೊಳ್ಳುತ್ತದೆ, ಆದರೆ ಪೂರ್ತಿ ಅರಗಿಸಿಕೊಳ್ಳಲಾರದು. ಎಲ್ಲಿ ಹೆಚ್ಚು ಕೆಲಸವೋ ಅಲ್ಲಿ ಹೆಚ್ಚು ಹೊಳಪು. ಆಲ್ಝೈಮರ್ ಇದ್ದವರಲ್ಲಿ ಕಿವಿಯ ಮೇಲಿನ ಮತ್ತು ಹಿಂಭಾಗದ ಕೆಲವು ಜಾಗಗಳು ಮಂಕಾಗಿರುತ್ತವೆ ಎಂದು 1980ರ ದಶಕದಲ್ಲಿ ತಿಳಿಯಿತು. ಪೆಟ್ ಸ್ಕ್ಯಾನ್ ಅಂದರೆ ಇದೇ. ಇವತ್ತು ಕ್ಯಾನ್ಸರ್ ಪರೀಕ್ಷೆಗೂ ಇದೇ ಸಕ್ಕರೆ. ನಮ್ಮ ನೆಂಟರಲ್ಲೇ ಯಾರಾದರೂ ಮಾಡಿಸಿಕೊಂಡಿರುತ್ತಾರೆ. ಅದರ ಹಿಂದೆ ಆ ಇಬ್ಬರು ಇದ್ದಾರೆ.

ಮಂಕು ಕಂಡಿತು, ಆದರೆ ಆಲ್ಝೈಮರ್ ನೋಡಿದ ಕಲೆ ಕಾಣಲಿಲ್ಲ. ಪಿಟ್ಸ್‌ಬರ್ಗಿನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ವರ್ಷಗಟ್ಟಲೆ ಹೆಣಗಿ ಒಂದು ಬಣ್ಣದ ಅಣುವನ್ನು ಬದಲಾಯಿಸಿದರು. ಸತ್ತ ಮೆದುಳಿನಲ್ಲಿ ಕಲೆ ನೋಡಲು ಬಳಸುತ್ತಿದ್ದ ಬಣ್ಣ ಅದು. ಈಗ ರಕ್ತದಿಂದ ಮೆದುಳಿಗೆ ನುಗ್ಗಿ ಕಲೆಗೆ ಅಂಟಿಕೊಳ್ಳಬೇಕು. ಅಂಟದೆ ಉಳಿದದ್ದು ಬೇಗ ತೊಳೆದುಹೋಗಬೇಕು. ಅದಕ್ಕೆ ಸೇರಿಸಿದ ವಿಕಿರಣದ ಇಂಗಾಲ 20 ನಿಮಿಷಕ್ಕೆ ಅರ್ಧವಾಗುವುದರಿಂದ ತಯಾರಿಸುವ ಯಂತ್ರ ಪಕ್ಕದಲ್ಲೇ ಇರಬೇಕು. 2002ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಮೊದಲ ಬಾರಿ ಇದನ್ನು ಮನುಷ್ಯರಿಗೆ ಕೊಟ್ಟರು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಇದ್ದದ್ದು ಬರೀ 25 ಜನ. 16 ಜನ ಕಾಯಿಲೆ ಶುರುವಾದವರು, 9 ಜನ ಚೆನ್ನಾಗಿರುವವರು. ಕಾಯಿಲೆಯವರ ಮೆದುಳಿನ ಮುಂಭಾಗದಲ್ಲಿ ಆ ಅಣು ಉಳಿದ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು. ನೂರು ವರ್ಷ ಸಾವಿನ ನಂತರ ಮಾತ್ರ ಕಾಣುತ್ತಿದ್ದದ್ದು ಬದುಕಿರುವಾಗಲೇ ಕಂಡಿತು.

ಮೊದಲು ಈ ಸ್ಕ್ಯಾನ್ ಮಾಡಿಸಿಕೊಂಡ ರೋಗಿಗೆ ಆಗ 56 ವರ್ಷ. 59ಕ್ಕೆ ಮತ್ತೊಮ್ಮೆ ಬಂದು ಮಲಗಿದರು. 61ಕ್ಕೆ ತೀರಿಕೊಂಡರು. ಮೆದುಳನ್ನು ತೆರೆದು ನೋಡಿ, ಸ್ಕ್ಯಾನ್ ತೋರಿಸಿದ್ದಕ್ಕೂ ಒಳಗೆ ಇದ್ದದ್ದಕ್ಕೂ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಈ ಪ್ರಬಂಧದಲ್ಲಿ ಹೆಸರಿಲ್ಲ, ವಯಸ್ಸು ಮಾತ್ರ. ಔಗುಸ್ಟೆಯನ್ನು ಯಾರೂ ಕೇಳಿರಲಿಲ್ಲ, ಇವರನ್ನು ಕೇಳಿದ್ದರು. ನೂರು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಯಂತ್ರದ್ದಲ್ಲ, ಇದು ಅಂತ ನನಗನ್ನಿಸುತ್ತದೆ.

*

ಈಗ ನನ್ನ ಕಥೆಗೆ ಬರುತ್ತೇನೆ. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಹುಡುಗರು ಆರಿಸಿಕೊಂಡದ್ದು ಎಂ.ಆರ್.ಐ. ಚಿತ್ರದಲ್ಲಿ ಹಿಪೊಕ್ಯಾಂಪಸ್ ಗಾತ್ರ ಅಳೆಯುವ ಪ್ರೋಗ್ರಾಂ. ನೆನಪನ್ನು ಕಟ್ಟುವ ಭಾಗ ಅದು, ಈ ಕಾಯಿಲೆಯಲ್ಲಿ ಬೇಗ ಸೊರಗುತ್ತದೆ. ಅಜ್ಜಿಯ ನೆನಪಿಗೆ ಆರಿಸಿಕೊಂಡೆ ಅಂತ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ನಿಜ ಏನೆಂದರೆ ಡೇಟಾ ಬಿಟ್ಟಿ ಸಿಗುತ್ತಿತ್ತು :-)

ಅದು ಸಿಗುತ್ತಿದ್ದದ್ದು ಅಡ್ನಿ ಎಂಬ ಯೋಜನೆಯಿಂದ. 2004ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಮುಂದಾಳು ಮೈಕೆಲ್ ವೀನರ್. ಸರ್ಕಾರ, ಔಷಧ ಕಂಪನಿಗಳು ಸೇರಿ ಹಾಕಿದ್ದು 6 ಕೋಟಿ ಡಾಲರಿನಷ್ಟು. ಅಮೆರಿಕ, ಕೆನಡಾಗಳ ಐವತ್ತಕ್ಕೂ ಹೆಚ್ಚು ಕಡೆ 55ರಿಂದ 90 ವರ್ಷದ ಸುಮಾರು 800 ಜನ ಸೇರಿದರು. 200 ಚೆನ್ನಾಗಿರುವವರು, 400 ಸ್ವಲ್ಪ ಮರೆವು ಶುರುವಾದವರು, 200 ಕಾಯಿಲೆಯವರು. ಆರು ತಿಂಗಳಿಗೋ ವರ್ಷಕ್ಕೋ ಬಂದು ಎಂ.ಆರ್.ಐ. ಮಾಡಿಸಬೇಕು. ಅರ್ಧಕ್ಕೂ ಹೆಚ್ಚು ಜನ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಲೂ ಒಪ್ಪಿದರು. ಯೋಜನೆಯ ದೊಡ್ಡತನ ಇನ್ನೊಂದಿದೆ. ಬಂದ ಮಾಹಿತಿಯನ್ನು ತಾವೇ ಮೊದಲು ಪ್ರಬಂಧ ಬರೆಯಬೇಕು ಅಂತ ಬಚ್ಚಿಡದೆ ಅರ್ಜಿ ಹಾಕಿದ ಸಂಶೋಧಕರಿಗೆಲ್ಲ ಹಂಚಿದರು. ಹಾಗಾಗಿ ಗೈಡ್ ಹೆಸರಲ್ಲಿ ಅರ್ಜಿ ಹಾಕಿದ ನಮಗೂ, ಕರ್ನಾಟಕದ ಒಂದು ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪಿಗೂ ಅವು ಬಂದವು.

ಫೋಲ್ಡರುಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಒಂದೊಂದರೊಳಗೂ ಸಾಲು ಸಾಲು ಚಿತ್ರ. ಶುರುವಿನದು, ಆರನೇ ತಿಂಗಳಿನದು, ಹನ್ನೆರಡನೆಯದು, ಇಪ್ಪತ್ನಾಲ್ಕನೆಯದು. ಕೆಲವು ಅಲ್ಲಿಗೇ ನಿಲ್ಲುತ್ತಿದ್ದವು. ನಮಗೆ ಅವು 'ಡೇಟಾ ಮಿಸ್ಸಿಂಗ್'. ಪ್ರೋಗ್ರಾಂ ಎರರ್ ಕೊಡುತ್ತದೆ ಅಂತ ಬೈದುಕೊಂಡು ತೆಗೆದುಹಾಕುತ್ತಿದ್ದೆವು.

ಒಂದು ರಾತ್ರಿ ಚಿತ್ರವನ್ನು ಮೂರು ಆಯಾಮದಲ್ಲಿ ತೋರಿಸುವ ಕೋಡ್ ಬರೆಯುತ್ತಿದ್ದೆ. ತಲೆಬುರುಡೆ, ಚರ್ಮ ಕತ್ತರಿಸಿ ಮೆದುಳು ಮಾತ್ರ ತೋರಿಸಬೇಕಿತ್ತು. ನಾನು ಹಾಕಿದ ಒಂದು ಮಿತಿ ತಪ್ಪಾಗಿ ಚರ್ಮ ಉಳಿದುಬಿಟ್ಟಿತು. ಪರದೆಯ ಮೇಲೆ ಒಬ್ಬ ಮುದುಕರ ಮುಖ ಬಂತು. ಚೂಪು ಮೂಗು, ಮುಚ್ಚಿದ ರೆಪ್ಪೆ, ಒತ್ತಿಹೋದ ಕಿವಿಗಳು. ಮೌಸ್ ಅಲ್ಲಾಡಿಸಿದಂತೆ ಅವರು ಮೆಲ್ಲಗೆ ಆಕಡೆ ಈಕಡೆ ತಿರುಗುತ್ತಿದ್ದರು. ಮೂರು ತಿಂಗಳಿಂದ ನಾನು ಅಳೆಯುತ್ತಿದ್ದದ್ದು ಇವರನ್ನು! ಯಾಕೋ ತಡೆಯಲಾಗದೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗಿ ಒಂದು ಟೀ ಕುಡಿದು ಬಂದೆ.

ಇದು ನನ್ನೊಬ್ಬನ ಕಸಿವಿಸಿ ಆಗಿರಲಿಲ್ಲ. 2019ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 84 ಸ್ವಯಂಸೇವಕರ ಎಂ.ಆರ್.ಐ.ನಿಂದ ಮುಖ ಕಟ್ಟಿ, ಅವರ ಫೋಟೋಗಳ ಜೊತೆ ಮುಖ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟರು. 70 ಜನರನ್ನು ಅದು ಮೊದಲ ಊಹೆಯಲ್ಲೇ ಸರಿಯಾಗಿ ಗುರುತಿಸಿತು. ಹೆಸರು ಅಳಿಸಿದರೆ ಸಾಕು ಅಂತ ನಂಬಿದ್ದೆವು, ಮುಖ ಚಿತ್ರದಲ್ಲೇ ಇತ್ತು. ಅದಾದ ಮೇಲೆ ಹಂಚುವ ಮೊದಲು ಮುಖ ಅಳಿಸುವ ಬಗ್ಗೆ ಎಚ್ಚರ ಹೆಚ್ಚಾಯಿತು. ಸಾಫ್ಟ್‌ವೇರ್ ಮಂದಿ ನಾವು 'ಡೇಟಾ' ಅಂತ ಸಲೀಸಾಗಿ ಅನ್ನುತ್ತೇವಲ್ಲ, ಅದರೊಳಗೆ ಯಾರೋ ಕಣ್ಣು ಮುಚ್ಚಿ ಮಲಗಿರುತ್ತಾರೆ.

*

ತಲೆ ಕೊಟ್ಟವರಿಗೆ ಒಳಗೆ ಕಂಡದ್ದನ್ನು ಹೇಳಬೇಕೋ ಬೇಡವೋ? ಇದು ಇನ್ನೂ ಕಷ್ಟದ ಪ್ರಶ್ನೆ.

ಕೊಲಂಬಿಯಾ ದೇಶದ ಆಂಟಿಯೋಕಿಯಾ ಬೆಟ್ಟಗಳಲ್ಲಿ ಒಂದು ದೊಡ್ಡ ವಂಶವಿದೆ, ಸುಮಾರು 6000 ಜನ. ಅವರಲ್ಲಿ ಒಂದು ವಂಶವಾಹಿ ದೋಷ ಇರುವವರಿಗೆ ಸುಮಾರು 44ನೇ ವಯಸ್ಸಿಗೇ ಮರೆವು ಶುರು. ಫ್ರಾನ್ಸಿಸ್ಕೊ ಲೊಪೆರಾ ಎಂಬ ವೈದ್ಯರು 1980ರ ದಶಕದಿಂದ 2024ರಲ್ಲಿ ತೀರಿಕೊಳ್ಳುವವರೆಗೂ ಇವರ ಬೆನ್ನಿಗೆ ನಿಂತಿದ್ದರು. 2013ರಲ್ಲಿ ಒಂದು ಔಷಧದ ಪ್ರಯೋಗಕ್ಕೆ ಈ ವಂಶದ 252 ಜನ ಬಂದರು, ಇನ್ನೂ ಮರೆವು ಕಾಣಿಸದವರು. ದೋಷ ಇರುವವರನ್ನು ಮಾತ್ರ ಸೇರಿಸಿಕೊಂಡರೆ, ಸೇರಿದ್ದಕ್ಕೇ ಎಲ್ಲರಿಗೂ ಗೊತ್ತಾಗಿಬಿಡುತ್ತದಲ್ಲ? ಅದಕ್ಕೆ ದೋಷವಿಲ್ಲದ 83 ಜನರನ್ನೂ ಬೇಕೆಂದೇ ಸೇರಿಸಿದರು. ಅವರಿಗೆ ಕೊಟ್ಟದ್ದು ಔಷಧವಿಲ್ಲದ ಸೂಜಿಮದ್ದು. ಅಣ್ಣ ತಮ್ಮಂದಿರ ಗುಟ್ಟು ಗುಟ್ಟಾಗಿಯೇ ಇರಲಿ ಅಂತ ವರ್ಷಗಟ್ಟಲೆ ಬಂದು ಬರೀ ನೀರಿನಂಥದ್ದನ್ನು ಚುಚ್ಚಿಸಿಕೊಂಡ 83 ಜನ! 2022ರಲ್ಲಿ ಫಲಿತಾಂಶ ಬಂತು. ಔಷಧ ಕೆಲಸ ಮಾಡಿರಲಿಲ್ಲ.

ಇದೇ ವಂಶದ ಒಬ್ಬ ಮಹಿಳೆಗೆ ದೋಷವಿದ್ದರೂ ಎಪ್ಪತ್ತರವರೆಗೆ ಮರೆವು ಬರಲಿಲ್ಲ. ಅವರನ್ನು ಬೋಸ್ಟನ್ನಿಗೆ ಕರೆದೊಯ್ದು ಸ್ಕ್ಯಾನ್ ಮಾಡಿದರೆ ಕಲೆಗಳು ತುಂಬಿವೆ, ಆದರೆ ಸಿಕ್ಕು ಎಳೆಗಳು ತೀರಾ ಕಡಿಮೆ. ಇನ್ನೊಂದು ಅಪರೂಪದ ವಂಶವಾಹಿ ಅವರನ್ನು ಕಾಪಾಡಿತ್ತು ಎಂದು 2019ರಲ್ಲಿ ಪ್ರಕಟವಾಯಿತು. ಅದರ ಮೇಲೆ ಹೊಸ ಔಷಧದ ಹುಡುಕಾಟ ನಡೆದಿದೆ. ಒಬ್ಬರು ಒಂದು ಸಲ ಮಲಗಿದ್ದರ ಬೆಲೆ ಇಷ್ಟು.

ಅಮೆರಿಕದ ಎ-ಫೋರ್ ಅಧ್ಯಯನದವರು ಇದಕ್ಕೆ ಉಲ್ಟಾ ದಾರಿ ಹಿಡಿದರು. ನೆನಪು ಸರಿಯಿರುವ 65ರಿಂದ 85 ವರ್ಷದ 4486 ಜನರ ಪೆಟ್ ಸ್ಕ್ಯಾನ್ ಮಾಡಿ ಫಲಿತಾಂಶ ಹೇಳಿದರು. 1323 ಜನರ ಮೆದುಳಲ್ಲಿ ಕಲೆ ಹೆಚ್ಚಿತ್ತು. ತಿಳಿದವರು ಕುಸಿದುಹೋಗುತ್ತಾರೆ ಅಂತ ಭಯವಿತ್ತು. ಸಿದ್ಧಮಾಡಿ ಹೇಳಿದ್ದರಿಂದಲೋ ಏನೋ, ಹಾಗಾಗಲಿಲ್ಲ. ಆದರೆ 2023ರಲ್ಲಿ ಆ ಔಷಧವೂ ಸೋತಿತು. ಆ ಜನ ಈಗ ಗೊತ್ತಿರುವ ವಿಷಯ ಇಟ್ಟುಕೊಂಡು ಬದುಕುತ್ತಿದ್ದಾರೆ.

ಎಲ್ಲ ಸೋಲೇ ಅಲ್ಲ. ಕಲೆಯನ್ನು ಕರಗಿಸುವ ಲೆಕನೆಮ್ಯಾಬ್ ಔಷಧಕ್ಕೆ 2023ರಲ್ಲಿ ಅಮೆರಿಕ ಪೂರ್ಣ ಒಪ್ಪಿಗೆ ಕೊಟ್ಟಿತು. 1795 ಜನರ ಪ್ರಯೋಗದಲ್ಲಿ ಒಂದೂವರೆ ವರ್ಷದಲ್ಲಿ ಕುಸಿತ ಶೇ. 27ರಷ್ಟು ನಿಧಾನವಾಯಿತು. ವಾಸಿ ಆಗಲಿಲ್ಲ, ನಿಧಾನವಾಯಿತು ಅಷ್ಟೆ. ಕೆಲವರಿಗೆ ಮೆದುಳಲ್ಲಿ ಊತ, ರಕ್ತಸ್ರಾವವೂ ಆಗುತ್ತದೆ. ಆದರೂ ಅಂಥ ಔಷಧ ಯಾರಿಗೆ ಕೊಡಬೇಕು, ಕಲೆ ಕರಗಿತೋ ಇಲ್ಲವೋ ಅಂತ ನೋಡಲು ದಾರಿಯಾದದ್ದು ಉಪ್ಸಾಲಾದ ಆ 25 ಜನರಿಂದ.

*

ಒಂದು ಮಾತು ಬಾಕಿ ಇದೆ. ನಮ್ಮ ಪ್ರಾಜೆಕ್ಟಿನ ಪ್ರೋಗ್ರಾಂಗೆ 'ಸರಿಯಾದ' ಮೆದುಳು ಅಂದರೆ ಯಾರದ್ದು? ಅಡ್ನಿಗೆ ಮೊದಲು ಸೇರಿದವರಲ್ಲಿ ಹೆಚ್ಚಿನವರು ಚೆನ್ನಾಗಿ ಓದಿದ ಬಿಳಿಯರು. ಅಟ್ಟದ ಕೊಬ್ಬರಿ ಎಣಿಸುವ, ಅಕ್ಷರ ಬಾರದ ಅಜ್ಜಿಯಂಥವರು ಅದರಲ್ಲಿರಲಿಲ್ಲ. ಗಡಿಯಾರದ ಚಿತ್ರ ಬರಿ ಅಂತ ಕೊಡುವ ಪರೀಕ್ಷೆಯನ್ನು ಪೆನ್ನೇ ಹಿಡಿಯದ ಅಜ್ಜಿಗೆ ಕೊಟ್ಟಿದ್ದರೆ ನಲವತ್ತನೇ ವಯಸ್ಸಿನಲ್ಲೇ ಫೇಲಾಗುತ್ತಿದ್ದಳು. 2023ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಇಷ್ಟು ಜನರನ್ನು ಯಾರ ಅಳತೆಗೋಲಿನಿಂದ ಅಳೆಯುವುದು?

ಇದಕ್ಕೆ ಉತ್ತರ ಹುಡುಕುತ್ತಿರುವವರು ನಮ್ಮ ಕೋಲಾರ ಜಿಲ್ಲೆಯವರು ಅಂದರೆ ಖುಷಿಯಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ಅಧ್ಯಯನ ಶುರುಮಾಡಿತು. ಗುರಿ 45 ದಾಟಿದ 10,000 ಹಳ್ಳಿ ಜನ, ವರ್ಷಗಟ್ಟಲೆ ಕಾಲ. ವಿಜಯಲಕ್ಷ್ಮಿ ರವೀಂದ್ರನಾಥ್ ಇದರ ಮೊದಲ ನಿರ್ದೇಶಕಿ. ನಾವು ಮಾವಿನಹಣ್ಣಿಗೆ ನೆನೆಯುವ ಊರಿನ ರೈತರು ಬೆಂಗಳೂರಿಗೆ ಬಂದು ರಕ್ತ ಕೊಟ್ಟು, ಪರೀಕ್ಷೆಗೆ ಕೂತು, ಎಂ.ಆರ್.ಐ.ನಲ್ಲಿ ಮಲಗಿ ಹೋಗುತ್ತಾರೆ. ಮುಂದೆ ಯಾವನೋ ಹಾಸ್ಟೆಲ್ ಹುಡುಗನ ಪ್ರೋಗ್ರಾಂಗೆ ನಮ್ಮ ಅಜ್ಜಿಯಂದಿರ ಮೆದುಳೂ 'ಸರಿ' ಅಂತ ಗೊತ್ತಾಗಲಿ.

ನಾನು ಮಲಗಿದ್ದ ಅಧ್ಯಯನಕ್ಕೂ ಅರವತ್ತು ದಾಟಿದವರು ಬೇಕಿದ್ದರು. ಅಪ್ಪನಿಗೆ ಈಗ ಅರವತ್ತೆರಡು. ಭಾನುವಾರ ಊರಿಗೆ ಹೋದಾಗ ಕೇಳಿದೆ. ಕೊಬ್ಬರಿ ಸುಲಿಯುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು, "ಫೋಟೋ ತಗುದ್ ಮ್ಯಾಲೆ ಯೋಳ್ತಾರಾ, ನಂಗೂ ಅವ್ವನ್ ತರ ಆಗುತ್ತೋ ಇಲ್ವೋ ಅಂತ?"

"ಹೇಳಲ್ಲ ಅಪ್ಪ. ಗಡ್ಡೆ ಗಿಡ್ಡೆ ಅರ್ಜೆಂಟ್ ಏನಾದ್ರೂ ಕಂಡ್ರೆ ಮಾತ್ರ ಹೇಳ್ತಾರೆ. ಇದನ್ನ ಹೇಳಲ್ಲ ಅಂತ ಫಾರಂನಲ್ಲೇ ಇದೆ."

ಹೇಳದಿದ್ದ ಮೇಲೆ ಯಾಕೆ ಬರಲಿ ಅನ್ನುತ್ತಾರೆ ಅಂದುಕೊಂಡೆ. ಇನ್ನೆರಡು ಕಾಯಿ ಸುಲಿಯುವಷ್ಟು ಹೊತ್ತು ಸುಮ್ಮನಿದ್ದರು.

"ಯೋಳಲ್ಲ ಅನ್ನಂಗಿದ್ರೆ ಬತ್ತೀನಿ ಕಣಯ್ಯ."

ಅಷ್ಟೇ. ಮುಂದಿನ ತಿಂಗಳ ಎರಡನೇ ಶನಿವಾರಕ್ಕೆ ದಿನ ಗೊತ್ತಾಗಿದೆ. ನಾನಾದರೆ ತಿಳಿಯಬೇಕು ಅನ್ನುವವನು. ಅಪ್ಪ ತಿಳಿಯದೆ ಕೊಡಬೇಕು ಅನ್ನುವವರು. ಅಪ್ಪನ ಮುಂದೆ ವಾದ ಮಾಡುವ ಧೈರ್ಯ ಬರಲಿಲ್ಲ, ಯಾಕಂದರೆ 'ನೀನು ಯಾರ ಮಗ' ಅಂತ ಅಜ್ಜಿ ಕೇಳಿದ್ದು ನನ್ನನ್ನಲ್ಲ, ಅವರನ್ನು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ನಿಮ್ಮ ಮುಂದೆ ಆ ಫಾರಂ ಇಟ್ಟರೆ, ನೀವು ಯಾವುದಕ್ಕೆ ಸಹಿ ಹಾಕುತ್ತೀರಿ? ಹೇಳಿ ಅನ್ನುವುದಕ್ಕೋ, ಹೇಳಬೇಡಿ ಅನ್ನುವುದಕ್ಕೋ? ಬಿಡುವಾದಾಗ ಎರಡು ಸಾಲು ಬರೆಯಿರಿ.